ಪುಟ ಮಗುಚುವವನು

ನನ್ನಜ್ಜ ಊಬೆಲೆ ಈ ಚರ್ಚಿನ ತಿದಿ ತುಳಿದವನು.
ಗೋಡೆಯ ಹಿಂದಿನ ಕತ್ತಲಲ್ಲಿ, ಎರಡು ಹಲಗೆಗಳ ಮೇಲೆ
ಹತ್ತಿ ಇಳಿದು, ಹತ್ತಿ ಇಳಿದು
ಭಾನುವಾರಕ್ಕೊಂದು ಬೆಟ್ಟದಷ್ಟು ಏರುತ್ತಿದ್ದನಂತೆ,
ಬೆಟ್ಟವೇ ಇಲ್ಲದ ಫ್ರೀಸ್‌ಲ್ಯಾಂಡಿನಲ್ಲಿ.
ಮೋಟಾರು ಬಂದ ವರ್ಷ ಅವನಿಗೊಂದು ಗಡಿಯಾರ ಕೊಟ್ಟು
ಕೈಕುಲುಕಿ ಕೆಳಗೆ ಕೂರಿಸಿದರು.
ಉಪದೇಶದ ಹೊತ್ತಿಗೆ ನಿದ್ದೆ ಹೋಗುವುದನ್ನು ಆಮೇಲೆ ಕಲಿತ;
ನಿದ್ದೆಯಲ್ಲೂ ಕಾಲಾಡಿಸುತ್ತಿದ್ದ ಎನ್ನುತ್ತಿದ್ದಳು ಅಜ್ಜಿ.

ನನ್ನದು ಮೇಲಿನ ಕೆಲಸ.
ಬೆಂಚಿನ ಎಡಕ್ಕೆ ನಿಂತು
ಹಿಸ್ಕೆ ತಲೆಯಾಡಿಸಿದಾಗ ಪುಟ ಮಗುಚುವುದು,
ಕೊನೆಯ ಕೀರ್ತನೆಗೆ ಮುಂಚೆ ನನ್ನ ಕಡೆಯ ಹಿಡಿಗಳನ್ನೆಳೆದು
ಕೊಳಲನ್ನು ಮಲಗಿಸಿ ತುತ್ತೂರಿಯನ್ನು ಎಬ್ಬಿಸುವುದು.
ಇಪ್ಪತ್ತಾರು ವರ್ಷ.
ಚಳಿಗಾಲಕ್ಕೆ ಬೆರಳ ತುದಿ ಕತ್ತರಿಸಿದ ಕೈಗವಸು,
ಜೇಬಿನಲ್ಲಿ ಪೆಪ್ಪರ್‌ಮಿಂಟು:
ಪಾದ್ರಿ ‘ಎರಡನೆಯದಾಗಿ’ ಎಂದೊಡನೆ
ಅವಳಿಗೊಂದು, ನನಗೊಂದು.

ಒಮ್ಮೆ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟೆ.
ಮದುಮಗಳು ನಡುದಾರಿಯಲ್ಲಿರುವಾಗಲೇ ಸಂಗೀತ ಮುಗಿದು
ಉಳಿದರ್ಧವನ್ನು ಅವಳು ಬೂಟಿನ ಸದ್ದಿನಲ್ಲಿ ನಡೆದಳು.
ಊರು ಇನ್ನೂ ಮರೆತಿಲ್ಲ.

ಈಸ್ಟರ್ ಕಳೆದ ಮೇಲೆ ಲೇವಾರ್ಡನ್ನಿನಿಂದ ಒಬ್ಬ ಹುಡುಗಿ ಬಂದು
ಆರ್ಗನ್ನಿನ ಹೊಟ್ಟೆಯೊಳಗೆ ತೂರಿ
ಎರಡು ವಾರ ತಂತಿ ಎಳೆದಳು.
ಈಗ ಒಂದು ಗುಂಡಿ ಒತ್ತಿದರೆ ಹನ್ನೆರಡು ಹಿಡಿ
ಟಪ್ಪನೆ ಮುಂದೆ ಬರುತ್ತವೆ, ದೆವ್ವ ಎಳೆದ ಹಾಗೆ.
ಪುಸ್ತಕದ ಜಾಗದಲ್ಲಿ ಟ್ಯಾಬ್ಲೆಟ್ಟು;
ಹುಬ್ಬೇರಿಸಿದರೆ ಪುಟ ತಾನೇ ಹೊರಳುತ್ತದೆ.
ಕೈಗೆ ಕೀಲಿ, ಕಾಲಿಗೆ ಹಲಗೆ,
ಬಿಡುವಾಗಿದ್ದದ್ದು ಮುಖ ಒಂದೇ;
ಅದಕ್ಕೂ ಕೆಲಸ ಸಿಕ್ಕಿತು.
ಎತ್ತರದ ಹಾಡನ್ನು ಒಂದು ಮೆಟ್ಟಿಲು ಇಳಿಸುವ ಗುಂಡಿಯೂ ಇದೆ.
ಈ ಊರಿನ ಮುದಿ ಗಂಟಲುಗಳು ಮೊದಲ ಸಲ
ಕೊನೆಯ ಸಾಲನ್ನು ಒಟ್ಟಿಗೆ ಮುಟ್ಟಿದವು.

ಒಳ್ಳೆಯದೇ ಆಯಿತು, ಆ ಸುತ್ತುಮೆಟ್ಟಿಲು ನನ್ನ ಮೊಣಕಾಲಿಗೂ ಸಾಕಾಗಿತ್ತು
ಎಂದೆ ಹಿಸ್ಕೆಗೆ.
ಅರ್ಧ ನಿಜ.

ಕೆಳಗೆ ನನ್ನದೆನ್ನುವ ಜಾಗವಿರಲಿಲ್ಲ.
ಕಂಬದ ಮಗ್ಗುಲಲ್ಲಿ, ಬಿಸಿಗಾಳಿಯ ಕಿಂಡಿಯ ಹತ್ತಿರ ಕೂತೆ.
ಕೂತಮೇಲೆ ತಿಳಿಯಿತು:
ಇಷ್ಟು ವರ್ಷ ನಾನು ಹಾಡು ಕೇಳಿಯೇ ಇರಲಿಲ್ಲ.
ಕಣ್ಣು ಯಾವಾಗಲೂ ಎರಡು ಸಾಲು ಮುಂದೆ,
ಇನ್ನೂ ಬಾರದ ಸ್ವರದ ಮನೆಬಾಗಿಲಲ್ಲಿ.
ಕೆಳಗೆ, ಕೇಳುವುದು ಆಗುವಾಗಲೇ ಆಯಿತು.
ದೊಡ್ಡ ಕೊಳವೆಯ ದನಿ ಕಿವಿಗಿಂತ ಮೊದಲು
ಕೂತ ಬೆಂಚಿಗೆ ಮುಟ್ಟುತ್ತದೆ, ಗೊತ್ತೆ?
ನನಗೆ ಗೊತ್ತಾದದ್ದು ಐವತ್ತೊಂಬತ್ತಕ್ಕೆ.

ಗುರುವಾರ ಸಂಜೆ ಹಿಸ್ಕೆಯ ಫೋನು: ಬಾ, ಒಂದು ತಮಾಷೆ ಇದೆ.
ಅವಳು ನುಡಿಸಿದ್ದನ್ನು ಆರ್ಗನ್ನು ನೆನಪಿಟ್ಟುಕೊಂಡಿತ್ತು.
ಗುಂಡಿಯೊತ್ತಿ ಇಳಿದು ಬಂದು
ಕೋಟು ಬಿಚ್ಚದೆ ನನ್ನ ಪಕ್ಕ ಕೂತಳು.
ಮೇಲೆ ಯಾರೂ ಇಲ್ಲ.
ಯಾರೂ ಇಲ್ಲದ ಮೇಲಿನಿಂದ ಹಿಸ್ಕೆ ನುಡಿಸುತ್ತಿದ್ದಳು,
ಪಕ್ಕದಲ್ಲಿ ಹಿಸ್ಕೆ ಬಾಯ್ತೆರೆದು ಕೇಳುತ್ತಿದ್ದಳು.
‘ಇಷ್ಟು ಜೋರೆ? ಪಾಪ, ನೀವೆಲ್ಲ’ ಎಂದಳು.

ನಾಲ್ಕನೆಯ ಚರಣದ ಅಂಚಿನಲ್ಲಿ ಒಂದು ಸಣ್ಣ ತಡೆ.
ಬರೆದ ಸ್ವರದಲ್ಲಿಲ್ಲ, ಯಂತ್ರಕ್ಕೆ ಬೇಕಿಲ್ಲ,
ಒಂದುಸಿರಿನ ಕಾಲುಭಾಗ.
‘ನೋಡು, ಕಂಪ್ಯೂಟರು ತಡವರಿಸಿತು’ ಎಂದಳು.
ಹೂಂ ಅಂದೆ.
ಹಾಳೆಯ ಮೂಲೆ ಹಿಡಿಯಲು
ನನ್ನ ಕೈಗೆ ಬೇಕಾಗುತ್ತಿದ್ದ ಹೊತ್ತು ಅದು.
ಕಾದು ರೂಢಿಯಾದ ಅವಳ ಬೆರಳು
ಈಗಲೂ ಅಲ್ಲಿ ಕಾಯುತ್ತದೆ.
ಹೇಳಲಿಲ್ಲ. ಹೇಳಿದರೆ ತಿದ್ದಿಕೊಂಡಾಳು.

ಹಾಡು ಮುಗಿದು, ಗೋಡೆಯ ಹಿಂದೆ ಮೋಟಾರಿನ ಗುಂಯ್ ಉಳಿಯಿತು.
ಪೆಪ್ಪರ್‌ಮಿಂಟು ತೆಗೆದೆ, ಅವಳಿಗೊಂದು, ನನಗೊಂದು.
‘ನೀನು ಕೂತಿರು, ಆರಿಸಿ ಬರುತ್ತೇನೆ’ ಎಂದು
ಸುತ್ತುಮೆಟ್ಟಿಲು ಹತ್ತಿದೆ.